ಜೊತೆಗೇ ಹುಟ್ಟಿದವನು

“ಕುಡೀತಾನ, ಮನಿ ನೋಡಂಗಿಲ್ಲ, ಖರೆ. ಆದ್ರ ಏನ್ ಹಾಡ್ತಾನ್ರೀ!”

ರಾಯಚೂರು ಸೀಮೆಯಲ್ಲಿ ಓಡಾಡಿದವರು ಈ ಮಾತನ್ನು ಒಂದಲ್ಲ ಒಂದು ಕಟ್ಟೆಯ ಮೇಲೆ ಕೇಳಿಯೇ ಇರುತ್ತಾರೆ. ಹೇಳುವವರ ದನಿಯಲ್ಲಿ ದೂರು ಇರುವುದಿಲ್ಲ. ಒಂದು ಬಗೆಯ ಹೆಮ್ಮೆಯೇ ಇರುತ್ತದೆ. ಬಯಲಾಟದ ರಾಜವೇಷದವನಿರಲಿ, ಭಜನೆಯ ಹಾರ್ಮೋನಿಯಂ ಮೇಷ್ಟ್ರಿರಲಿ, ಮೊಹರಂನಲ್ಲಿ ರಿವಾಯತ್ ಹಾಡುವವನಿರಲಿ, ಅವನ ದೌರ್ಬಲ್ಯವನ್ನು ಅವನ ಕಲೆಯ ಲೆಕ್ಕಕ್ಕೆ ಜಮಾ ಮಾಡಿ ನಾವು ಸುಮ್ಮನಾಗುತ್ತೇವೆ. ಕಲಾವಿದರೆಂದರೆ ಹಾಗೆಯೇ, ಅವರಿಗೆ ನಮ್ಮ ನಿಮ್ಮಂಥವರ ಕಾನೂನು ಹತ್ತುವುದಿಲ್ಲ ಎಂಬುದು ಇದರ ಹಿಂದಿನ ನಂಬಿಕೆ.

ಇನ್ನೊಂದು ಬಗೆಯ ಜನರೂ ನಮ್ಮಲ್ಲಿದ್ದಾರೆ. ಬರೆದವನ ನಡತೆ ಸರಿಯಿಲ್ಲವೆಂದು ಗೊತ್ತಾದ ದಿನವೇ ಅವನ ಪುಸ್ತಕವನ್ನು ಕಪಾಟಿನಿಂದ ತೆಗೆದುಬಿಡುವವರು ಇವರು. ಮೊದಲಿನವರು ಕಲೆಗಾಗಿ ಮನುಷ್ಯನನ್ನು ಕ್ಷಮಿಸಿದರೆ, ಇವರು ಮನುಷ್ಯನಿಗಾಗಿ ಕಲೆಯನ್ನು ಶಿಕ್ಷಿಸುತ್ತಾರೆ. ಇವರಿಬ್ಬರೂ ಒಬ್ಬರಿಗೊಬ್ಬರು ವಿರೋಧಿಗಳಂತೆ ಕಂಡರೂ ಒಂದು ವಿಷಯದಲ್ಲಿ ಒಂದೇ. ಕಲಾವಿದನೊಳಗಿನ ಬೆಳಕು ಒಂದು ಪಾತ್ರೆಯಲ್ಲಿದೆ, ಕತ್ತಲು ಇನ್ನೊಂದು ಪಾತ್ರೆಯಲ್ಲಿದೆ ಎಂದು ಇಬ್ಬರೂ ತಿಳಿದಿದ್ದಾರೆ. ಹಾಗಿದ್ದರೆ ಪ್ರಶ್ನೆ ಸುಲಭವಾಗುತ್ತಿತ್ತು. ಆದರೆ ಹಾಡು ಹುಟ್ಟುವ ಜಾಗವೂ ಕೇಡು ಹುಟ್ಟುವ ಜಾಗವೂ ಒಂದೇ ಆಗಿದ್ದರೆ? ಆಗ ಬರೆಯುವವನು, ಹಾಡುವವನು, ಕುಂಚ ಹಿಡಿದವನು ಹೇಗೆ ಬದುಕಬೇಕು? ಕತೆ ಬರೆಯುವ ನನ್ನಂಥವರಿಗೆ ಇದು ಬಿಡುವಿನ ವೇಳೆಯ ಚರ್ಚೆಯಲ್ಲ.

ನಮ್ಮ ಕಡೆಯ ರಿವಾಯತ್ ಹಾಡುಗಾರನೊಬ್ಬನ ಹೆಂಡತಿ ಒಮ್ಮೆ ಹೇಳಿದ ಮಾತು ನನಗೆ ಯಾವ ಸಾಹಿತ್ಯ ವಿಮರ್ಶೆಗಿಂತಲೂ ದೊಡ್ಡದಾಗಿ ಕಂಡಿದೆ: “ಹತ್ತು ದಿನ ಹಸೇನ್-ಹುಸೇನರಿಗಾಗಿ ಅಳ್ತಾನ್ರಿ, ಉಳಿದ ದಿನ ನಮ್ಮನ್ನ ಅಳಸ್ತಾನ.” ಆ ಹತ್ತು ದಿನದ ಅಳು ಸುಳ್ಳೆಂದು ಆಕೆ ಹೇಳಲಿಲ್ಲ. ಅದು ನಿಜವಾದ ಅಳು ಎಂಬುದು ಆಕೆಗೂ ಗೊತ್ತು, ಅಲಾಯಿ ಕುಣಿಯ ಸುತ್ತ ನಿಂತು ಕೇಳಿದ ಇಡೀ ಊರಿಗೂ ಗೊತ್ತು. ಕರ್ಬಲಾದ ಮಕ್ಕಳ ಬಾಯಾರಿಕೆಯನ್ನು ಅಷ್ಟು ಆಳವಾಗಿ ಅನುಭವಿಸಬಲ್ಲವನಿಗೆ ತನ್ನ ಮನೆಯ ಮಕ್ಕಳ ಹಸಿವು ಯಾಕೆ ಕಾಣಿಸುವುದಿಲ್ಲ? ಆಕೆಯ ಮಾತಿನ ತಿರುಳು ಇದು.

*

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಗುಸ್ತಾವ್ ಯುಂಗ್ (1875-1961) ಮನುಷ್ಯನ ಮನಸ್ಸಿನಲ್ಲಿ ಕೆಲವು ಮೂಲಪ್ರತಿಮೆಗಳಿವೆ ಎಂದ. ತಾಯಿ, ವೀರ, ಜ್ಞಾನವೃದ್ಧ, ಕಿಲಾಡಿ ಮುಂತಾದ ಅಚ್ಚುಗಳು ಎಲ್ಲ ಜನಾಂಗಗಳ ಕತೆಗಳಲ್ಲೂ ಕನಸುಗಳಲ್ಲೂ ಮತ್ತೆ ಮತ್ತೆ ಮೂಡುತ್ತವೆ ಎಂಬುದು ಅವನ ವಾದ. ಆ ಸಾಲಿನಲ್ಲೇ ಅವನು ನೆರಳನ್ನೂ ಸೇರಿಸಿದ. ನಾನು ಇಂಥವನು ಎಂದು ನಾವು ನಂಬಿಕೊಂಡ ಚಿತ್ರದೊಳಗೆ ಹಿಡಿಸದೆ ಉಳಿದದ್ದೆಲ್ಲ ನೆರಳು. ಅದರಲ್ಲಿ ಹೊಟ್ಟೆಕಿಚ್ಚು, ಕಾಮ, ಕ್ರೌರ್ಯ ಇರಬಹುದು. ಬೆಳೆಯಲು ಬಿಡದೆ ಅದುಮಿಟ್ಟ ಒಳ್ಳೆಯ ಗುಣಗಳೂ ಇರಬಹುದು. ನಮ್ಮದೆಂದು ಒಪ್ಪಿಕೊಳ್ಳದ ಈ ನೆರಳನ್ನು ನಾವು ಬೇರೆಯವರ ಮೇಲೆ ಹೊರಿಸಿ, ಅಲ್ಲಿ ಅದನ್ನು ದ್ವೇಷಿಸುತ್ತೇವೆ.

ಈ ವಿಚಾರ ಹೊರಗಿನಿಂದ ಬಂದದ್ದೆಂದು ದೂರ ಇಡಬೇಕಾಗಿಲ್ಲ. ನಮ್ಮ ಭಾಷೆಗಳೇ ಇದನ್ನು ಬಲ್ಲವು. ಉರ್ದುವಿನಲ್ಲಿ ‘ಹಮ್‌ಜಾದ್’ ಎಂಬ ಮಾತಿದೆ. ಜೊತೆಗೇ ಹುಟ್ಟಿದವನು ಎಂದು ಅದರ ಅರ್ಥ. ಪ್ರತಿ ಮಗುವಿನ ಜೊತೆ ಕಣ್ಣಿಗೆ ಕಾಣದ ಇನ್ನೊಬ್ಬ ಹುಟ್ಟುತ್ತಾನೆ, ಸಾಯುವ ತನಕ ಅವನು ಬೆನ್ನು ಬಿಡುವುದಿಲ್ಲ ಎಂಬ ಜನರ ನಂಬಿಕೆಯಿಂದ ಬಂದ ಮಾತು ಅದು. ‘ಸಾಯಾ’ ಎಂಬ ಮಾತನ್ನೂ ನೋಡಿ. ಹಿರಿಯರ ಸಾಯಾ ನಮ್ಮ ತಲೆಯ ಮೇಲಿರಲಿ ಎಂದು ಹಾರೈಸುತ್ತೇವೆ. ಒಬ್ಬರಿಗೆ ದೆವ್ವ ಮೆಟ್ಟಿಕೊಂಡರೂ ಸಾಯಾ ಆಗಿದೆ ಎಂದೇ ಅನ್ನುತ್ತೇವೆ. ಕನ್ನಡದ ‘ನೆರಳು’ ಇನ್ನೂ ಉದಾರವಾದದ್ದು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ದೇವದುರ್ಗ, ಮಾನ್ವಿಯ ಬಿಸಿಲಲ್ಲಿ ನಡೆದವನಿಗೆ ನೆರಳೆಂದರೆ ಹೆದರಿಕೆ ಹೇಗೆ ಬಂದೀತು? ಅದು ಬೇವಿನ ಮರದ ಕೆಳಗಿನ ಜೀವದಾನ. ಅಂಜಿಸುವುದೂ ಕಾಯುವುದೂ ಒಂದೇ ಮಾತಿನೊಳಗೆ ಇರಬಲ್ಲವು ಎಂದು ನಮ್ಮ ಹಿರಿಯರ ನಾಲಿಗೆಗೆ ತಿಳಿದಿತ್ತು. ನಾವು ಮರೆತಿದ್ದೇವೆ, ಅಷ್ಟೆ.

*

ದೇವದುರ್ಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಗೂಗಲ್ ಎಂಬ ಊರಿದೆ. ಹೆಸರು ಕೇಳಿ ಈಗಿನ ಹುಡುಗರು ನಗುತ್ತಾರೆ. ಕೈಯಲ್ಲಿನ ಮೊಬೈಲು ತೆಗೆದು ತೋರಿಸುತ್ತಾರೆ. ಆದರೆ ಸುತ್ತಲಿನ ಹಳ್ಳಿಗಳವರಿಗೆ ಗೂಗಲ್ ಎಂದರೆ ಅಲ್ಲಮಪ್ರಭುವಿನ ಊರು. ಪ್ರಭು ಇಲ್ಲಿ ತಂಗಿದ್ದನೆಂದು ಜನ ನಂಬುತ್ತಾರೆ, ಅವನ ಹೆಸರಿನ ಗುಡಿಗೆ ನಡೆದುಕೊಳ್ಳುತ್ತಾರೆ. ಗುಹೇಶ್ವರ ಎಂದು ತನ್ನ ದೇವರನ್ನು ಕರೆದ, ಎಂದರೆ ಕತ್ತಲ ಗವಿಯೊಳಗೆ ಒಡೆಯನನ್ನು ಕಂಡ ಈ ಮನುಷ್ಯನ ಬಗ್ಗೆ ಮುಸ್ಲಿಮರಿಗೂ ಒಂದು ಸಲಿಗೆಯಿದೆ. ಬೀದರ್ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ (ಆಳ್ವಿಕೆ 1422-1436) ಗೋರಿಯಿದೆ. ಆ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವವರಿದ್ದಾರೆ. ಅವನ ಉರುಸಿಗೆ ಜಂಗಮರು ಬರುವ ಪದ್ಧತಿಯೂ ಇದೆ.

ನಮ್ಮ ಪ್ರಶ್ನೆಗೆ ಅಲ್ಲಮ ಮುಖ್ಯನಾಗುವುದು ಬೇರೆ ಕಾರಣಕ್ಕೆ. ಅವನು ಶರಣನಾಗುವ ಮೊದಲು ಕಲಾವಿದ, ಮದ್ದಳೆ ಬಾರಿಸುವವನು. ಅವನ ಕತೆಯನ್ನು ಕನ್ನಡದ ಇಬ್ಬರು ದೊಡ್ಡ ಕವಿಗಳು ಎರಡು ಬೇರೆ ರೀತಿಯಲ್ಲಿ ಹೇಳಿದ್ದಾರೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮ ಕಮಲತೆಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಬಹಳ ದಿನ ಕಳೆಯುವ ಮೊದಲೇ ಅವಳು ಜ್ವರದಿಂದ ಸಾಯುತ್ತಾಳೆ. ದುಃಖದಿಂದ ಮರುಳನಾಗಿ ಅಲೆಯುವ ಅಲ್ಲಮ ಒಂದು ತೋಟದಲ್ಲಿ ಕುಳಿತು ಮಣ್ಣು ಕೆದಕುವಾಗ ಹೂತುಹೋದ ಗುಡಿಯೊಂದರ ಕಳಸ ಕಾಣುತ್ತದೆ. ಅಗೆಸಿ ಒಳಗೆ ಹೋದರೆ ಅಲ್ಲಿ ಅನಿಮಿಷಯೋಗಿ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ.

ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಕಮಲತೆ ಇಲ್ಲ. ಅವಳ ಜಾಗದಲ್ಲಿ ಮಾಯೆ ಇದ್ದಾಳೆ. ಪಾರ್ವತಿಯ ತಾಮಸ ಕಳೆಯೇ ಬನವಸೆಯ ರಾಜಕುಮಾರಿಯಾಗಿ ಹುಟ್ಟಿ ಮದ್ದಳೆಗಾರ ಅಲ್ಲಮನನ್ನು ಮೋಹಿಸುತ್ತದೆ. ಇಲ್ಲಿ ಅಲ್ಲಮ ಪ್ರೀತಿಸುವುದಿಲ್ಲ, ಸೋಲುವುದಿಲ್ಲ, ದುಃಖಿಸುವುದಿಲ್ಲ. ಅವಳ ತೋಳಿಗೆ ಸಿಕ್ಕದೆ ಜಾರಿಹೋಗುತ್ತಾನೆ. ಅವನು ಮೊದಲಿನಿಂದಲೂ ಶುದ್ಧ. ಕತ್ತಲೆಲ್ಲ ಅವಳ ಪಾಲಿಗೆ ಬಂದಿದೆ.

ಚಾಮರಸನದು ದೊಡ್ಡ ಕಾವ್ಯವೇ. ಅವನು ತತ್ವವೊಂದನ್ನು ರೂಪಕವಾಗಿ ಹೇಳುತ್ತಿದ್ದಾನೆ ಎಂಬುದನ್ನು ಮರೆಯಬಾರದು. ಆದರೂ ಕಲಾವಿದನ ಬದುಕಿನ ದೃಷ್ಟಿಯಿಂದ ನೋಡಿದರೆ ಹರಿಹರನ ಅಲ್ಲಮ ನನಗೆ ಹತ್ತಿರದವನಾಗುತ್ತಾನೆ. ಅವನ ಕತ್ತಲು ಅವನದೇ. ಅದನ್ನು ಅವನು ಯಾರ ಮೇಲೂ ಹೊರಿಸುವುದಿಲ್ಲ, ಹೊತ್ತುಕೊಂಡೇ ನಡೆಯುತ್ತಾನೆ, ಅದರೊಳಗೇ ಅಗೆಯುತ್ತಾನೆ. ಬಂಗಾರದ ಕಳಸ ಸಿಕ್ಕಿದ್ದು ಮಣ್ಣಿನ ಮೇಲಲ್ಲ, ಒಳಗೆ. ವಚನಗಳ ಅಲ್ಲಮನೂ ಈ ವಿಷಯದಲ್ಲಿ ಹರಿಹರನ ಪಕ್ಷದವನೇ. ಕೇಡು ಹೊರಗಿನ ವಸ್ತುವಿನಲ್ಲಾಗಲಿ ಹೆಣ್ಣಿನಲ್ಲಾಗಲಿ ಇಲ್ಲ, ಬಯಸುವವನ ಮನಸ್ಸಿನಲ್ಲಿದೆ ಎಂಬುದು ಅವನ ನಿಲುವು.

ಇಷ್ಟು ಹಿಂದಿನ ಕತೆ ಯಾಕೆ ಬೇಕು ಎಂದು ಕೇಳಬಹುದು. ನಮ್ಮ ಕಾಲದ ಕತೆ, ಕಾದಂಬರಿ, ಸಿನೆಮಾಗಳನ್ನು ನೋಡಿ. ಗಂಡಸು ಬರೆದ ಕತೆಯಲ್ಲಿ ಕೆಡಿಸುವವಳು ಹೆಣ್ಣು, ಕೆಡುವವನು ಗಂಡು. ಮೇಲ್ಜಾತಿಯವನು ಬರೆದರೆ ಕಳ್ಳತನ ಕೇರಿಯಲ್ಲಿ ನಡೆಯುತ್ತದೆ. ಒಂದು ಧರ್ಮದವನು ಬರೆದರೆ ಕ್ರೌರ್ಯಕ್ಕೆ ಇನ್ನೊಂದು ಧರ್ಮದ ಹೆಸರಿರುತ್ತದೆ. ಬರೆಯುವವನು ತನ್ನ ನೆರಳನ್ನು ಪಾತ್ರವೊಂದಕ್ಕೆ ಹೊದಿಸಿ, ಆ ಪಾತ್ರವನ್ನು ಕೊನೆಯ ಪುಟದಲ್ಲಿ ಸಾಯಿಸಿ ಕೈತೊಳೆದುಕೊಳ್ಳುತ್ತಾನೆ. ಅಂಥ ಕತೆ ಓದಿ ಮುಗಿಸಿದವನಿಗೆ ಹಗುರವೆನಿಸುತ್ತದೆ. ಆ ಹಗುರತನವೇ ಅನುಮಾನಕ್ಕೆ ಕಾರಣವಾಗಬೇಕು.

*

ಗೂಗಲ್‌ನಿಂದ ಮಾನ್ವಿ ಸೀಮೆಗೆ ಬಂದರೆ ಇನ್ನೊಂದು ಕತೆ ಸಿಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯ ಎಂಬ ಸಂಸ್ಕೃತ ಪಂಡಿತನಿದ್ದ. ಅದೇ ತಾಲೂಕಿನ ಚೀಕಲಪರವಿಯ ವಿಜಯದಾಸರು ಕನ್ನಡದಲ್ಲಿ ಹಾಡು ಕಟ್ಟಿಕೊಂಡು ತಿರುಗುತ್ತಿದ್ದರು. ದಾಸರ ಪರಂಪರೆಯವರು ಹೇಳುವಂತೆ, ವಿಜಯದಾಸರು ಊಟಕ್ಕೆ ಕರೆದಾಗ ಪಂಡಿತ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲ. ಕನ್ನಡದಲ್ಲಿ ಹಾಡಿ ಕುಣಿಯುವವರ ಪಂಕ್ತಿಯಲ್ಲಿ ಕೂರುವುದು ಅವನಿಗೆ ಕೀಳೆನಿಸಿತ್ತು. ಸುಳ್ಳು ಹೇಳಿದ ನೋವು ನಿಜವಾಗಿಯೇ ಬಂತು. ಯಾವ ಔಷಧಿಗೂ ಬಗ್ಗದಾಯಿತು. ಕಡೆಗೆ ವಿಜಯದಾಸರು ಅವನನ್ನು ತಮ್ಮ ಶಿಷ್ಯ, ದೇವದುರ್ಗ ಸೀಮೆಯ ಮೊಸರುಕಲ್ಲಿನ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಅವನಿಗೆ ದಾನ ಮಾಡಿದರು. ಆ ಪಂಡಿತನೇ ಮುಂದೆ ಜಗನ್ನಾಥದಾಸನಾಗಿ, ಕನ್ನಡದಲ್ಲಿ, ಭಾಮಿನಿ ಷಟ್ಪದಿಯ ಮೂವತ್ತೆರಡು ಸಂಧಿಗಳಲ್ಲಿ ‘ಹರಿಕಥಾಮೃತಸಾರ’ ಬರೆದ.

ಪವಾಡದ ಭಾಗವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ನನ್ನ ಗಮನ ಸೆಳೆಯುವುದು ಆ ಹೊಟ್ಟೆನೋವು. ಪಂಡಿತ ಯಾವುದನ್ನು ತುಚ್ಛವೆಂದು ದೂರವಿಟ್ಟನೋ ಅದೇ ಅವನ ಒಳಗಿತ್ತು. ಕನ್ನಡದ ಹಾಡು ಅವನ ಹಮ್‌ಜಾದ್ ಆಗಿತ್ತು. ಒಳಗಿನ ಕವಿಯನ್ನು ಅದುಮಿ ಇಟ್ಟಷ್ಟೂ ಹೊರಗಿನ ಹಾಡುಗಾರರ ಮೇಲಿನ ತಿರಸ್ಕಾರ ಹೆಚ್ಚಿತು. ಒಂದು ದಿನ ಅದು ಹೊಟ್ಟೆಯನ್ನೇ ಹಿಡಿದು ಹಿಂಡಿತು. ಯಾರ ಮೇಲೆ ನಮಗೆ ಅಳತೆ ಮೀರಿದ ಅಸಹನೆಯೋ ಅವರಲ್ಲಿ ನಮ್ಮದೇನೋ ಸಿಕ್ಕಿಬಿದ್ದಿದೆ ಎಂಬ ಯುಂಗನ ಮಾತಿಗೆ ಮಾನ್ವಿಯ ಈ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮುಸ್ಲಿಂ ಚಿಂತನೆಯಲ್ಲಿ ಇದಕ್ಕೆ ಸಮನಾದ ಘಟನೆ ಇಮಾಮ್ ಗಜಾಲಿಯದು (1058-1111). ಬಗ್ದಾದಿನ ನಿಜಾಮಿಯಾ ಮದರಸಾದಲ್ಲಿ ಅವರು ಹೆಸರಾಂತ ಗುರು. ಕೀರ್ತಿಯ ತುದಿಯಲ್ಲಿದ್ದಾಗ, 1095ರಲ್ಲಿ, ಅವರಿಗೆ ಪಾಠ ಹೇಳುವಾಗ ನಾಲಿಗೆಯೇ ಏಳದಾಯಿತು, ಊಟ ಸೇರದಾಯಿತು. ತಾನು ಕಲಿಸುತ್ತಿರುವುದು ದೇವರಿಗಾಗಿ ಅಲ್ಲ, ಹೆಸರಿಗಾಗಿ ಎಂದು ತಮ್ಮನ್ನೇ ಪರೀಕ್ಷಿಸಿಕೊಂಡಾಗ ಕಂಡಿತೆಂದು ಅವರೇ ಆತ್ಮಕಥನದಲ್ಲಿ ಬರೆದಿದ್ದಾರೆ. ಹುದ್ದೆ ಬಿಟ್ಟು ಹೊರಟುಹೋದರು. ಒಬ್ಬರಿಗೆ ಹೊಟ್ಟೆ, ಇನ್ನೊಬ್ಬರಿಗೆ ನಾಲಿಗೆ. ಮನಸ್ಸು ಒಪ್ಪದ ಸತ್ಯವನ್ನು ಇಬ್ಬರಲ್ಲೂ ಮೈ ಹೇಳಿತು. ತೋರಿಕೆಯ ಈ ರೋಗಕ್ಕೆ ‘ರಿಯಾ’ ಎಂದು ಹೆಸರು. ನಮಾಜು ಮಾಡುವವನಿಗೇ ಅದು ಬಿಡದಿದ್ದರೆ ಕತೆ ಬರೆಯುವವನಿಗೆ ಬಿಟ್ಟೀತೆ?

*

ಹಳಬರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು ಎಂದು ನನಗನಿಸುತ್ತದೆ. ಅದು ಹೆಸರಿನ ಉಪಾಯ. ವಚನಕಾರ ಸಾವಿರ ವಚನ ಬರೆದರೂ ಕೊನೆಯಲ್ಲಿ ಅವನ ಹೆಸರಿಲ್ಲ, ಅವನ ದೇವರ ಹೆಸರಿದೆ. ದಾಸರಲ್ಲಿ ಅಂಕಿತವನ್ನು ಗುರು ಕೊಡಬೇಕು. ತತ್ವಪದಕಾರರ ಹಾಡಿನ ಕೊನೆಗೂ ಎಷ್ಟೋ ಸಲ ಗುರುವೇ ಬಂದು ನಿಲ್ಲುತ್ತಾನೆ. ಎಂದರೆ, ಹಾಡು ಒಳ್ಳೆಯದಾದರೆ ಹೊಗಳಿಕೆ ಮುಟ್ಟುವ ವಿಳಾಸ ಬೇರೆ. ಹೊಗಳಿಕೆ ಬಂದು ಕೂರಲು ಹಾಡುಗಾರನೊಳಗೆ ಜಾಗವೇ ಇರದಂತೆ ಮಾಡಿದ್ದರು.

ಉರ್ದು ಗಜಲಿನ ಉಪಾಯ ಬೇರೆ. ಅಲ್ಲಿ ಕವಿ ತನಗೇ ಎರಡನೆಯ ಹೆಸರಿಟ್ಟುಕೊಳ್ಳುತ್ತಾನೆ. ಮಿರ್ಜಾ ಅಸದುಲ್ಲಾ ಖಾನ್ (1797-1869) ಮೊದಲು ‘ಅಸದ್’ ಎಂದೂ ಆಮೇಲೆ ‘ಗಾಲಿಬ್’ ಎಂದೂ ತಖಲ್ಲುಸ್ ಇಟ್ಟುಕೊಂಡ. ಗಜಲಿನ ಕೊನೆಯ ಶೇರಿನಲ್ಲಿ ಅವನು ಈ ಎರಡನೆಯವನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾನೆ, ಗೇಲಿ ಮಾಡುತ್ತಾನೆ, ಅವನ ಕುಡಿತವನ್ನೂ ಸಾಲವನ್ನೂ ಎಲ್ಲರೆದುರು ಬಯಲಿಗಿಡುತ್ತಾನೆ. ನೆರಳನ್ನು ಬಚ್ಚಿಡದೆ ಮುಷಾಯಿರಾದ ದೀಪದೆದುರಿಗೆ ತಂದು ನಿಲ್ಲಿಸುವ ಧೈರ್ಯ ಅದು.

ಈಗ ನಮ್ಮ ಪುಸ್ತಕಗಳ ಮುಖಪುಟ ನೋಡಿ. ಬರೆದವನ ಹೆಸರು ಪುಸ್ತಕದ ಹೆಸರಿಗಿಂತ ದೊಡ್ಡದು, ಹಿಂದುಗಡೆ ಅವನದೇ ಭಾವಚಿತ್ರ. ಹೆಸರು ಹಾಕಬಾರದೆಂದು ನಾನು ಹೇಳುತ್ತಿಲ್ಲ. ಬರೆದದ್ದಕ್ಕೆ ಜವಾಬ್ದಾರಿ ಹೊರಲು ಹೆಸರು ಬೇಕೇ ಬೇಕು. ಆದರೆ ಮನುಷ್ಯನಿಗೂ ಕಲಾವಿದನಿಗೂ ನಡುವೆ ಅಂಕಿತ, ತಖಲ್ಲುಸ್‌ಗಳು ಉಳಿಸಿಕೊಟ್ಟಿದ್ದ ಒಂದು ಗೇಣು ಅಂತರ ಇಲ್ಲವಾಗಿದೆ. ಹೊಗಳಿಕೆ ನೇರ ನೆತ್ತಿಗೇರುತ್ತದೆ, ಟೀಕೆ ನೇರ ಎದೆಗೆ ನಾಟುತ್ತದೆ.

ಈ ಅಂತರವನ್ನು ಹೊಸಗಾಲದಲ್ಲಿ ಅತ್ಯಂತ ನೋವಿನಿಂದ ಅನುಭವಿಸಿದವನು ಸಾದತ್ ಹಸನ್ ಮಂಟೋ (1912-1955). ಮಂಟೋ ಎಂಬ ಕತೆಗಾರ ಬೇರೆ, ಸಾದತ್ ಹಸನ್ ಎಂಬ ಮನುಷ್ಯ ಬೇರೆ, ಇಬ್ಬರೂ ಜೊತೆಗೆ ಹುಟ್ಟಿದವರು ಎಂದು ಅವನು ತನ್ನ ಬಗ್ಗೆಯೇ ಬರೆದುಕೊಂಡ. ತನ್ನ ಗೋರಿಗೆ ತಾನೇ ಬರೆದ ಬರಹದಲ್ಲಿ, ದೊಡ್ಡ ಕತೆಗಾರ ತಾನೋ ದೇವರೋ ಎಂಬ ಪ್ರಶ್ನೆಯನ್ನೂ ಇಟ್ಟ. ವಿಭಜನೆಯ ಹುಚ್ಚುತನವನ್ನು ಅವನಂತೆ ಕಂಡವರಿಲ್ಲ. ಕೊಲ್ಲುವವನೊಳಗೂ ಇಳಿದು ಬರೆದ, ಯಾರ ಕತ್ತಲನ್ನೂ ಅವರ ಧರ್ಮದ ಖಾತೆಗೆ ಹಾಕಲಿಲ್ಲ. ಬರವಣಿಗೆಯಲ್ಲಿ ನೆರಳಿನ ಜೊತೆ ಅಷ್ಟು ಪ್ರಾಮಾಣಿಕವಾಗಿದ್ದವನು ಮನೆಯಲ್ಲಿ ಅದಕ್ಕೆ ಸೋತ. ಲಾಹೋರಿನಲ್ಲಿ ಬಾಟಲಿಯ ದುಡ್ಡಿಗಾಗಿ ಕತೆ ಬರೆದು ಮಾರುತ್ತ, ನಲವತ್ತೆರಡನೆಯ ವಯಸ್ಸಿಗೇ ಸತ್ತ. ಹೆಂಡತಿ ಸಫಿಯಾ ಮತ್ತು ಮೂವರು ಹೆಣ್ಣುಮಕ್ಕಳು ಉಳಿದರು.

ಸೃಷ್ಟಿಶಕ್ತಿಯ ಬೆಂಕಿಗೆ ಕಲಾವಿದ ಬೆಲೆ ತೆರಬೇಕಾಗುತ್ತದೆ, ಅವನ ಜೀವಸತ್ವವನ್ನೆಲ್ಲ ಅದೇ ಹೀರಿಕೊಳ್ಳುವುದರಿಂದ ಮನುಷ್ಯನಾಗಿ ಅವನು ಬಡವಾಗುತ್ತಾನೆ ಎಂಬ ಅರ್ಥದ ಮಾತನ್ನು ಯುಂಗ್ ಸಾಹಿತ್ಯದ ಬಗ್ಗೆ ಬರೆದ ಪ್ರಬಂಧವೊಂದರಲ್ಲಿ ಹೇಳಿದ್ದಾನೆ. ಇಲ್ಲಿ ನನಗೆ ಅವನೊಂದಿಗೆ ಜಗಳವಿದೆ. ಕಲಾವಿದ ಬೆಲೆ ತೆರುತ್ತಾನೆ, ನಿಜ. ಆದರೆ ಪೂರ್ತಿ ಬೆಲೆ ಅವನೊಬ್ಬನೇ ತೆರುವುದಿಲ್ಲ. ಸಫಿಯಾ ತೆತ್ತಳು, ನಮ್ಮ ರಿವಾಯತ್ ಹಾಡುಗಾರನ ಹೆಂಡತಿ ತೆರುತ್ತಿದ್ದಾಳೆ. ಕಲೆಯ ಕೀರ್ತಿ ಒಬ್ಬನ ಹೆಸರಿಗೆ, ಅದರ ಸಾಲ ಇನ್ನೊಬ್ಬರ ಹೆಸರಿಗೆ ಬರೆಯುವುದಾದರೆ ಅದು ನ್ಯಾಯವಲ್ಲ. ಮಂಟೋನ ಕತೆಗಳನ್ನು ನಾನು ಕೆಳಗಿಡಲಾರೆ. ಆದರೆ ಅವನ ಕುಡಿತವೇ ಆ ಕತೆಗಳನ್ನು ಬರೆಸಿತು ಎಂಬ ಮಾತನ್ನೂ ಒಪ್ಪಲಾರೆ. ಕುಡಿದು ಏನೂ ಬರೆಯದೆ ಸತ್ತವರು ಪ್ರತಿ ಊರಿನಲ್ಲೂ ಇದ್ದಾರೆ. ಅವನು ಬರೆದದ್ದು ಕುಡಿತದಿಂದಲ್ಲ, ಕುಡಿತವನ್ನು ಮೀರಿ. ನೆರಳನ್ನು ಕಾಣುವುದು ಬೇರೆ, ನೆರಳಿನ ಕೈಗೆ ಮನೆಯ ಕೀಲಿ ಕೊಡುವುದು ಬೇರೆ.

*

ನೆರಳಿನಲ್ಲಿ ಕೇಡು ಮಾತ್ರವಲ್ಲ, ಬಂಗಾರವೂ ಇದೆ ಎಂದೆ. ಅದನ್ನು ನಮ್ಮ ಮನೆಗಳ ಒಳಗೆ ನೋಡಬೇಕು. ಬಿಜಾಪುರದ ಸೂಫಿ ಪರಂಪರೆಯಲ್ಲಿ ದಖನಿ ಭಾಷೆಯ ‘ಚಕ್ಕಿನಾಮಾ’, ‘ಚರಖಾನಾಮಾ’ ಎಂಬ ಹಾಡುಗಳು ಹುಟ್ಟಿದವು. ಬೀಸುವ ಕಲ್ಲಿನ ಮುಂದೆ, ರಾಟೆಯ ಮುಂದೆ ಕೂತ ಹೆಂಗಸರು ಹಾಡುತ್ತಿದ್ದ ಹಾಡುಗಳಿವು. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಲೋಕಕ್ಕೆ ಇವು ಸಾಹಿತ್ಯವಾಗಿ ಕಂಡವು. ಕನ್ನಡದ ಬೀಸುವ ಪದಗಳ ಹಣೆಬರಹವೂ ಇದೇ. ಹಾಡಿದವರು ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳಲಿಲ್ಲ, ಬೇರೆಯವರೂ ಕರೆಯಲಿಲ್ಲ. ಮನೆಗೆ ಹಿಟ್ಟಿನ ಗಿರಣಿ ಹತ್ತಿರವಾಯಿತು. ಕಲ್ಲು ಹಿತ್ತಲು ಸೇರಿತು, ಹಾಡೂ ಜೊತೆಗೇ ಹೋಯಿತು.

ಹಾಡದೆ ಉಳಿದ ಹಾಡು ಎಲ್ಲಿಗೆ ಹೋಗುತ್ತದೆ? ಅದು ಸುಮ್ಮನೆ ಸಾಯುವುದಿಲ್ಲ. ನಮಗೆ ಪರಿಚಯದ ಒಬ್ಬ ಹಿರಿಯರಿದ್ದರು, ಈಗಿಲ್ಲ. ಮನೆಯಲ್ಲಿ ರೇಡಿಯೊ ಹಾಡು ಕೇಳಿದರೂ ಸಿಡಿಯುತ್ತಿದ್ದರು. ಮಗಳು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡ ಪದ್ಯಗಳನ್ನು ಒಲೆಗೆ ಹಾಕಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕು ತೆಗೆದರೆ ತಳದಲ್ಲಿ ಬಟ್ಟೆ ಸುತ್ತಿಟ್ಟ ಒಂದು ಬಯಾಜ್ ಸಿಕ್ಕಿತು. ಹರೆಯದಲ್ಲಿ ಅವರೇ ಬರೆದ ಗಜಲುಗಳು, ತಖಲ್ಲುಸ್ ಸಮೇತ. ಅದನ್ನು ಕಂಡು ಮಗಳು ಅಳಲಿಲ್ಲ. “ಅಬ್ಬಾಗ ನನ್ನ ಮ್ಯಾಲೆ ಸಿಟ್ಟಿರ್ಲಿಲ್ಲ, ತಮ್ಮ ಮ್ಯಾಲ ತಮಗ ಇತ್ತು,” ಎಂದಳು. ಕಲೆಯನ್ನು ಕಟ್ಟಾ ವಿರೋಧಿಸುವ ಎಲ್ಲರ ಟ್ರಂಕಿನಲ್ಲೂ ಬಯಾಜ್ ಇರುತ್ತದೆಂದು ನಾನು ಹೇಳುವುದಿಲ್ಲ. ಆದರೆ ಸಿಟ್ಟು ಕಾರಣಕ್ಕಿಂತ ದೊಡ್ಡದಿದ್ದಾಗ ಟ್ರಂಕಿನ ನೆನಪು ಮಾಡಿಕೊಳ್ಳುವುದು ಒಳ್ಳೆಯದು.

ಯುಂಗನೂ ಇದಕ್ಕೆ ಹೊರತಲ್ಲ. 1913ರ ನಂತರದ ವರ್ಷಗಳಲ್ಲಿ ಅವನು ತನ್ನ ಕನಸುಗಳನ್ನೂ ಕಾಣ್ಕೆಗಳನ್ನೂ ಬರೆದು, ಅವಕ್ಕೆ ಬಣ್ಣದ ಚಿತ್ರಗಳನ್ನು ಬಿಡಿಸುತ್ತಿದ್ದ. ನಾನು ಮಾಡುತ್ತಿರುವುದು ಏನು ಎಂದು ಕೇಳಿಕೊಂಡಾಗ, ಇದು ಕಲೆ ಎಂದು ಒಳಗಿನಿಂದ ಹೆಣ್ಣುದನಿಯೊಂದು ಹೇಳಿತಂತೆ. ಅವನು ಹಟದಿಂದ ಅಲ್ಲಗಳೆದ. ವಿಜ್ಞಾನಿ ಎನಿಸಿಕೊಳ್ಳುವ ಹಂಬಲದವನಿಗೆ ಕಲಾವಿದ ಎಂಬ ಹೆಸರೇ ನೆರಳಾಗಿತ್ತು. ಆ ‘ಕೆಂಪು ಪುಸ್ತಕ’ ಅಚ್ಚಾದದ್ದು 2009ರಲ್ಲಿ, ಅವನು ಸತ್ತು 48 ವರ್ಷಗಳಾದ ಮೇಲೆ. ನೋಡಿದವರು ಮೊದಲು ಬೆರಗಾದದ್ದು ಅದರ ಚಿತ್ರಗಳಿಗೆ.

*

ಕೊನೆಗೆ, ನಮ್ಮಂಥವರಿಗೆ ಅತ್ಯಂತ ಕಷ್ಟವಾದ ಮಾತಿಗೆ ಬರಬೇಕು. ವ್ಯಕ್ತಿಗೆ ನೆರಳಿರುವಂತೆ ಸಮುದಾಯಕ್ಕೂ ನೆರಳಿದೆ. ಅಲ್ಪಸಂಖ್ಯಾತ ಸಮುದಾಯದ ಬರಹಗಾರ ಕತೆ ಬರೆಯಲು ಕೂತಾಗ ಅವನ ಹೆಗಲ ಮೇಲೆ ಇಬ್ಬರು ಬಗ್ಗಿ ನೋಡುತ್ತಿರುತ್ತಾರೆ. ಒಬ್ಬ, ಮನೆಯ ಮಾತನ್ನು ಹೊರಗೆ ಹಾಕಬೇಡ ಎನ್ನುತ್ತಾನೆ. ಇನ್ನೊಬ್ಬ, ಹಾಕು ಹಾಕು, ನಿಮ್ಮವರು ಇರುವುದೇ ಹೀಗೆ ಎಂದು ನಾವು ಮೊದಲೇ ಹೇಳಿದ್ದೆವು ಎನ್ನುತ್ತಾನೆ. ಮೊದಲಿನವನಿಗೆ ಹೆದರಿದರೆ ಬರಹ ಸುಳ್ಳಾಗುತ್ತದೆ, ಎರಡನೆಯವನನ್ನು ಮೆಚ್ಚಿಸಲು ಹೋದರೆ ಇನ್ನೂ ದೊಡ್ಡ ಸುಳ್ಳಾಗುತ್ತದೆ.

ಈ ಇಬ್ಬರ ನಡುವೆ ದಾರಿ ಮಾಡಿಕೊಟ್ಟವರು ಹೆಂಗಸರು. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ಯಿಂದ ಆರಂಭಿಸಿ 2023ರಲ್ಲಿ ತೀರಿಕೊಳ್ಳುವವರೆಗೆ ಸಾರಾ ಅಬೂಬಕ್ಕರ್ ತಲಾಖಿನ ದುರುಪಯೋಗದ ಬಗ್ಗೆ, ಮನೆಯೊಳಗಿನ ದಬ್ಬಾಳಿಕೆಯ ಬಗ್ಗೆ ಬರೆದರು. ಕೋಮುವಾದದ ವಿರುದ್ಧವೂ ಅಷ್ಟೇ ಗಟ್ಟಿಯಾಗಿ ಮಾತಾಡಿದರು. ಬಾನು ಮುಷ್ತಾಕ್ ಮಸೀದಿಯಲ್ಲಿ ಹೆಂಗಸರ ಪ್ರವೇಶದ ಹಕ್ಕಿನ ಬಗ್ಗೆ ಮಾತಾಡಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಅದೇ ಬಾನು ಅವರ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ನಮ್ಮ ಎಷ್ಟೋ ಮನೆಗಳಲ್ಲಿ ಸಿಹಿ ಹಂಚಿದರು. ಸಮುದಾಯ ತನ್ನ ನೆರಳನ್ನು ತೋರಿಸಿದವರನ್ನು ಮೊದಲು ಹೊರಗೆ ಹಾಕುತ್ತದೆ, ಆಮೇಲೆ ಹೆಮ್ಮೆ ಪಡುತ್ತದೆ. ನಡುವಿನ ಇಪ್ಪತ್ತೈದು ವರ್ಷಗಳನ್ನು ಬರಹಗಾರ್ತಿ ಒಬ್ಬಳೇ ಕಳೆಯಬೇಕು.

ಸಮುದಾಯದ ನೆರಳನ್ನು ತೋರಿಸುವ ಬರಹ ಪ್ರಾಮಾಣಿಕವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ನನಗೆ ತೋರುವ ಗುರುತು ಒಂದೇ. ಬರೆದವನು ಆ ಚಿತ್ರದೊಳಗೆ ಇದ್ದಾನೆಯೇ, ಅಥವಾ ಮಾಳಿಗೆಯ ಮೇಲೆ ನಿಂತು ಕೆಳಗೆ ತೋರಿಸುತ್ತಿದ್ದಾನೆಯೇ? ಒಳಗಿದ್ದರೆ ಅವನ ದನಿಯಲ್ಲಿ ನೋವಿರುತ್ತದೆ. ಮೇಲಿದ್ದರೆ ಖುಷಿ ಇರುತ್ತದೆ. ಓದುಗ ಎಷ್ಟೇ ಸಾಮಾನ್ಯನಿರಲಿ, ಈ ವ್ಯತ್ಯಾಸ ಅವನಿಗೆ ತಿಳಿಯುತ್ತದೆ.

ಹಾಗಾದರೆ ಕಲಾವಿದ ಏನು ಮಾಡಬೇಕು? ಸೂಫಿಗಳು ಸಮಾ, ಎಂದರೆ ಹಾಡು ಕೇಳುವ ಕೂಟದ ಬಗ್ಗೆ ನೂರಾರು ವರ್ಷ ವಾದ ಮಾಡಿದರು. ಹಾಡು ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಲ್ಲುದು ಎಂದು ಅವರಿಗೆ ಗೊತ್ತಿತ್ತು. ಚಿಶ್ತಿಗಳು ಅದನ್ನು ನಿಷೇಧಿಸಲಿಲ್ಲ, ಲಂಗುಲಗಾಮಿಲ್ಲದೆ ಬಿಡಲೂ ಇಲ್ಲ. ಜುನೈದ್ ಬಗ್ದಾದಿಯ ಹೆಸರಿನಲ್ಲಿ ಬಂದ ಮೂರು ಷರತ್ತುಗಳನ್ನು ಮುಂದಿಟ್ಟರು: ಸರಿಯಾದ ಕಾಲ, ಸರಿಯಾದ ಜಾಗ, ಸರಿಯಾದ ಜೊತೆಗಾರರು. ಕಲೆಯ ಬಗ್ಗೆ ಇಷ್ಟು ಸಮತೂಕದ ಮಾತು ಅಪರೂಪ. ಮೂರನೆಯ ಷರತ್ತು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತನ್ನ ಹಮ್‌ಜಾದನ ಜೊತೆ ಒಬ್ಬನೇ ಕೋಣೆಯಲ್ಲಿ ಕೂತವನು ಅವನ ಮಾತನ್ನೇ ಕೇಳತೊಡಗುತ್ತಾನೆ. ಅವನನ್ನು ಬಲ್ಲ, ಅವನಿಗೆ ಹೆದರದ ಇನ್ನೊಬ್ಬರು ಪಕ್ಕದಲ್ಲಿರಬೇಕು. ಶ್ರೀನಿವಾಸಾಚಾರ್ಯನಿಗೆ ಗೋಪಾಲದಾಸರು ಸಿಕ್ಕರು, ಹರಿಹರನ ಅಲ್ಲಮನಿಗೆ ಅನಿಮಿಷಯೋಗಿ ಸಿಕ್ಕ. ನಮಗೆ ಹೆಂಡತಿ ಇರಬಹುದು, ಗೆಳೆಯನಿರಬಹುದು, ಬರೆದದ್ದನ್ನು ಓದಿ ಮುಖ ಸಿಂಡರಿಸುವ ಮಗಳಿರಬಹುದು.

ದೇವದುರ್ಗ, ಮಾನ್ವಿಯ ಕಾಲೇಜುಗಳಲ್ಲಿ ಈಗ ಕವಿತೆ ಬರೆಯುವ ಹುಡುಗ ಹುಡುಗಿಯರು ಹಿಂದಿಗಿಂತ ಹೆಚ್ಚು. ಅವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ, ಚೆನ್ನಾಗಿ ಬರೆಯುವುದು ಹೇಗೆ ಎಂದು. ಒಂದು ಕೆಲಸ ಮಾಡಿ ಎನ್ನುತ್ತೇನೆ. ನಿಮ್ಮ ಕವಿತೆಯಲ್ಲಿ ಯಾರನ್ನು ಕೆಟ್ಟವರೆಂದು ಬರೆದಿದ್ದೀರೋ ಅವರ ಜಾಗದಲ್ಲಿ ನಿಂತು ಅದೇ ಕವಿತೆಯನ್ನು ಇನ್ನೊಮ್ಮೆ ಬರೆಯಿರಿ. ಬಹಳ ಮಂದಿ ಎರಡು ಸಾಲಿಗೇ ನಿಲ್ಲಿಸುತ್ತಾರೆ. ಪೂರ್ತಿ ಬರೆದು ತಂದವರು, ಇಲ್ಲಿಯವರೆಗೆ, ಇಬ್ಬರು. ಇಬ್ಬರೂ ಮೊದಲಿನ ಕವಿತೆಯನ್ನು ಹರಿದುಹಾಕಿದ್ದರು.